ಗಡಿಯಾರದ ಗೋಪುರ ಮತ್ತು ಅಮ್ಮನ ಆಣೆ

ಮಕ್ಕಾ, ಅಜೀಜಿಯಾ
ರಜಬ್ 9, 1444

ಪ್ರೀತಿಯ ಬಹೀಜಾ ಅಕ್ಕ,

ಸಲಾಮ್. ನಿನ್ನ ಕಿವಿ ಪೂರ್ತಿ ಮುಷ್ಕರ ಹೂಡಿದೆಯಂತೆ. ಫೋನಿನಲ್ಲಿ ನಾನು ಕಿರುಚುವುದು, ನೀನು ಅಲ್ಲಿಂದ "ಏನು? ಯಾರು ಸತ್ತರು?" ಎಂದು ಕೇಳುವುದು, ಇನ್ನು ಅದು ಸಾಕು. ಮೊಬೈಲಿನ ಸಣ್ಣ ಅಕ್ಷರ ಕಂಡರೆ ನಿನಗೆ ಆಗುವುದಿಲ್ಲ ಎಂದು ಹಾಜಿ ಮುನಾವಿರ್ ಹೇಳಿದರು. ಅವರು ಅಕಸ್ಮಾತ್ತಾಗಿ ಸಿಕ್ಕಿದ್ದರು. ಸುರಬಾಯಾದಿಂದ ತಿಂಗಳಿಗೊಂದು ಉಮ್ರಾ ಯಾತ್ರೆಯ ತಂಡ ಕರೆತರುತ್ತಾರಂತೆ. ಕಾಗದ ಕೊಡಿ, ನಿಮ್ಮಕ್ಕನ ಕೈಗೇ ಮುಟ್ಟಿಸುತ್ತೇನೆ ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಶಾಲೆಯ ಕಚೇರಿ ಕೆಲಸ ಎಂದಿನಂತೆ ನಡೆಯುತ್ತಿದೆ. ನಾನಿಲ್ಲದ ಹೊತ್ತು ಕೆಳಮನೆಯ ಸುಡಾನಿನ ಹೆಂಗಸು ಬಂದು ಅಮ್ಮನ ಜೊತೆ ಕೂರುತ್ತಾಳೆ.

ಅಮ್ಮನ ವಿಷಯ ಹೇಳಬೇಕು. ಊಟ, ನಿದ್ದೆ ಪರವಾಗಿಲ್ಲ. ಹೆಸರುಗಳು ಜಾರುತ್ತಿವೆ. ಆದರೆ ಹೊಸದಾಗಿ ಒಂದು ಶುರುವಾಗಿದೆ. ನಮಾಜಿಗೆ ನಿಂತಾಗ ಅಡುಗೆಮನೆಯ ಫ್ರಿಜ್ಜಿನ ಕಡೆ ಮುಖ ಮಾಡುತ್ತಾಳೆ. ಈ ಮನೆಯಲ್ಲಿ ಕಾಬಾ ಇರುವುದು ಬೀದಿಯ ಕಿಟಕಿಯ ಕಡೆ ಅಂತ ನಿನಗೆ ಗೊತ್ತಲ್ಲ. ಇಪ್ಪತ್ತೆರಡು ವರ್ಷ ಆ ಕಡೆಗೇ ನಿಂತವಳು ಈಗ ಫ್ರಿಜ್ಜಿಗೆ ನಿಲ್ಲುತ್ತಾಳೆ. ನಾನು ಭುಜ ಹಿಡಿದು ಮೆಲ್ಲಗೆ ತಿರುಗಿಸಿದರೆ ಬೈಗುಳ.

"ಕಾಬಾ ನೋಡ್ಕೊಂಡೇ ಹಲ್ಲುಜ್ಜಿದೋಳು ನಾನು. ನೀನು ನನಗೆ ದಿಕ್ಕು ತೋರಿಸ್ತೀಯೇನೇ?"

"ಅಮ್ಮ, ಅದು ಫ್ರಿಜ್ಜು."

"ಫ್ರಿಜ್ಜು ನಿನ್ನ ತಲೆ. ಪಕ್ಕಕ್ಕೆ ಸರಿ, ಅಡ್ಡ ನಿಂತಿದ್ದೀಯ."

ತಿರುಗಿಸಿದರೆ ಅವಳ ನಮಾಜು ಕೆಡುತ್ತದೆ, ತಿರುಗಿಸದಿದ್ದರೆ ನನ್ನ ಮನಸ್ಸು ಕೆಡುತ್ತದೆ. ದಿನಕ್ಕೆ ಐದು ಸಲ ಇದೇ. ನಮಾಜು ಮುಗಿದ ಮೇಲೆ ಬಾಗಿಲ ಹತ್ತಿರ ಹೋಗಿ ಕೂತು, "ನನ್ನನ್ನ ಕೆಳಗಿಳಿಸ್ರೇ" ಎನ್ನುತ್ತಾಳೆ. ನಾವಿರುವುದು ಮೂರನೇ ಮಹಡಿ. ಲಿಫ್ಟಿನಲ್ಲಿ ಇಳಿಸಿ ಬೀದಿಗೆ ಕರೆದೊಯ್ದರೆ ದಿನಸಿ ಅಂಗಡಿ ನೋಡಿ ನನ್ನನ್ನೇ ದುರುಗುಟ್ಟಿ ನೋಡುತ್ತಾಳೆ. ಏನು ಮಾಡಲಿ, ಹೇಳು.

ನಿನ್ನ ರಿಹಾಬ್

*

ಸುರಬಾಯಾ, ಅಂಪೆಲ್
ಶಾಬಾನ್ 3, 1444

ರಿಹಾಬ್, ನನ್ನ ಪುಟ್ಟ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕಿವಿಯಿಲ್ಲದವಳಿಗೆ ಕಾಗದವೇ ಮಾತು. ಈಗ ಬಾಂಗೂ ನನಗೆ ಕೇಳಿಸುವುದಿಲ್ಲ. ಎದುರು ಮನೆಯ ಮುದುಕ ಟೋಪಿ ಹಾಕಿಕೊಂಡು ಹೊರಟರೆ ಹೊತ್ತಾಯಿತೆಂದು ಲೆಕ್ಕ. ಅವನು ತಡಮಾಡಿದ ದಿನ ನಾನೂ ತಡ.

ನೀನು ಮಕ್ಕಾದ ಹುಡುಗಿ ಹೌದೋ ಅಲ್ಲವೋ? ಕೆಳಗಿಳಿಯುವುದು ಎಂದರೆ ಬೀದಿಗಿಳಿಯುವುದೇ? ಅಜ್ಯಾದಿನ ನಮ್ಮ ಬೀದಿಯಲ್ಲಿ ಯಾರಾದರೂ 'ಹರಮ್‌ಗೆ ಹೋಗುತ್ತೇನೆ' ಅಂದದ್ದು ಕೇಳಿದ್ದೀಯಾ? 'ಇಳೀತೀನಿ' ಎನ್ನುತ್ತಿದ್ದರು, ಅಷ್ಟೇ. 'ಎಲ್ಲಿಗೆ' ಎಂದು ಕೇಳಿದವರು ಪರಸ್ಥಳದವರು. ಅಮ್ಮನಿಗೆ ಹರಮ್‌ಗೆ, ಕಾಬಾದ ಅಂಗಳಕ್ಕೆ, ಹೋಗಬೇಕಾಗಿದೆ. ಕರೆದುಕೊಂಡು ಹೋಗು. ರಂಜಾನಿನ ಗದ್ದಲ ಶುರುವಾಗುವ ಮೊದಲೇ ಹೋಗು. ಗಾಲಿ ಕುರ್ಚಿ ಸಿಗುತ್ತದಲ್ಲ. ಇಷ್ಟು ಸಣ್ಣ ವಿಷಯಕ್ಕೆ ಸುರಬಾಯಾಕ್ಕೆ ಕಾಗದ ಬರೆಯಬೇಕೇ?

ಅಜ್ಯಾದಿನ ಹಳೇ ಮನೆಯಲ್ಲಿ ಅಮ್ಮ ಮೇಲಿನ ಕೋಣೆಯ ಮರದ ಜಾಲರಿ ಕಿಟಕಿ ತೆರೆದು ಕೆಳಗೆ ನೋಡುತ್ತಿದ್ದದ್ದು ನನಗೆ ನೆನಪಿದೆ. ಪ್ರದಕ್ಷಿಣೆಯ ಜನ ಎಷ್ಟಿದ್ದಾರೆ ಎಂದು ಅಂದಾಜು ಮಾಡಿ, "ಈಗ ಬೇಡ, ಒಲೆ ಮೇಲಿನದು ಮುಗಿಸಿ ಇಳಿಯೋಣ" ಎನ್ನುತ್ತಿದ್ದಳು. ಅಪ್ಪ ಜಾವಾದ ಯಾತ್ರಿಕರನ್ನು ಸಾಲಾಗಿ ನಿಲ್ಲಿಸಿಕೊಂಡು ಆ ಮೆಟ್ಟಿಲುಗಳಲ್ಲಿ ಇಳಿಸುತ್ತಿದ್ದರು. ಆ ಸಾಲಿನಲ್ಲಿ ಬಂದ ಒಬ್ಬರ ಮಗನೇ ಈಗ ನನ್ನ ಯಜಮಾನರು. ಹಾಗಾಗಿ ನಾನೂ ಆ ಮೆಟ್ಟಿಲಿಳಿದೇ ಇಷ್ಟು ದೂರ ಬಂದವಳು.

ನನಗೆ ಬರಬೇಕೆಂದಿದೆ. ಆದರೆ ಮೊಣಕಾಲು ಬಿಡುತ್ತಿಲ್ಲ. ಮುನಾವಿರ್ ಕೈಲಿ ಲವಂಗ ಕಳಿಸಿದ್ದೇನೆ. ಅವರು ನಿನಗೆ ಎಲ್ಲಿ ಸಿಕ್ಕರು ಎಂದು ನೀನು ಬರೆಯಲಿಲ್ಲ.

ಬಹೀಜಾ

*

ಮಕ್ಕಾ
ಶಾಬಾನ್ 27, 1444

ಅಕ್ಕ,

'ಇಳಿಯುವುದು' ಎಂದರೆ ಏನೆಂದು ನನಗೂ ಗೊತ್ತು. ಇನ್ನೂ ಇಡೀ ಊರು ಹಾಗೆಯೇ ಹೇಳುತ್ತದೆ. ಅಜೀಜಿಯಾದಿಂದ ಬಸ್ಸು ಹತ್ತುವವರೂ ಇಳಿಯುತ್ತೇವೆ ಎನ್ನುತ್ತಾರೆ. ನೀನು ಬೈದೆ ಎಂದು ಅಲ್ಲ, ನಿನ್ನ ಕಾಗದ ಬರುವ ಮೊದಲೇ ಅಮ್ಮನನ್ನು ಕರೆದೊಯ್ದಿದ್ದೆ.

ಸುರಂಗದ ಬಾಯಲ್ಲಿ ಬಸ್ಸಿಳಿದು ಕುರ್ಚಿಯಲ್ಲಿ ಕೂರಿಸಿದೆ. ಅಮ್ಮ ಕೊಡೆ ಕೇಳಿದಳು. ಮೋಡವಿತ್ತು, ಬಿಸಿಲೇ ಇರಲಿಲ್ಲ. ಆದರೂ ಕೊಡೆ ಬಿಚ್ಚಿ, ನಮ್ಮ ಮನೆಯಿದ್ದ ಜಾಗದಲ್ಲಿ ಎದ್ದ ಗಡಿಯಾರದ ಗೋಪುರದ ಕಡೆಗೇ ವಾರೆಯಾಗಿ ಹಿಡಿದು, ಅದು ದಾಟುವವರೆಗೂ ಹಾಗೇ ಇದ್ದಳು. ಆ ಗಡಿಯಾರ ಮೈಲಿಗಟ್ಟಲೆ ದೂರಕ್ಕೆ ಕಾಣುತ್ತದೆ, ಇವಳ ಕೊಡೆಯಲ್ಲಿ ಮುಚ್ಚಿಹೋಯಿತು. ಹೆಸರುಗಳನ್ನೆಲ್ಲ ಮರೆತವಳು ಅದರ ಮೇಲಿನ ಸಿಟ್ಟನ್ನು ಮರೆತಿಲ್ಲ. ಮನೆ ಕೆಡವಿದ ದಿನ ಅವಳು ಹಾಕಿದ ಆಣೆ ನಿನಗೆ ಗೊತ್ತಿದೆಯಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಕೂಲಿಗಳು ಜಾಲರಿ ಕಿಟಕಿಯನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. "ವಲ್ಲಾಹಿ, ಈ ಜಾಗದಲ್ಲಿ ಇವರು ಏನು ಕಟ್ಟಿದರೂ ನಾನು ಅದರೊಳಗೆ ಕಾಲಿಡೋದಿಲ್ಲ" ಎಂದಳು. ಕೂಗಲಿಲ್ಲ. ಅಂಗಡಿಯಲ್ಲಿ ಅಕ್ಕಿ ಬೇಡ ಎಂದು ಹೇಳುವ ಹಾಗೆ ಹೇಳಿದಳು.

ಹರಮ್‌ನೊಳಗೆ ಕಾಬಾದ ಎದುರಿಗೇ, ಕಂಬದ ಪಕ್ಕ ಕೂರಿಸಿದೆ. ತುಂಬ ಹೊತ್ತು ನೋಡಿದಳು. ಕೈಯೆತ್ತಿ ಬೇಡಿಕೊಂಡಳು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ನನ್ನ ಮುಸುಕಿನ ತುದಿ ಜಗ್ಗಿ, "ಸರಿ, ಯಾವಾಗ ಇಳಿಯೋದು?" ಎಂದಳು.

"ಅಮ್ಮ, ಇಳಿದಾಯ್ತು. ಇಲ್ಲೇ ಇದ್ದೀವಿ."

"ಇಲ್ಲ ಕಣೇ. ಇನ್ನೂ ಇಳೀಬೇಕು."

ಅಕ್ಕ, ಕಾಬಾದ ಎದುರು ಕೂತವಳು ಇನ್ನೂ ಇಳಿಯಬೇಕು ಎಂದರೆ ಇನ್ನೆಲ್ಲಿಗೆ? ನನಗೆ ತೋಚಿದ್ದು ಒಂದೇ ಜಾಗ, ಮಅಲಾ. ಅಪ್ಪನನ್ನು ಇಳಿಸಿದ ಮಣ್ಣು. ಅಲ್ಲಿಂದ ಈಚೆಗೆ ನನಗೆ ನಿದ್ದೆ ಹತ್ತುತ್ತಿಲ್ಲ. ಊಟವನ್ನೂ ಅರ್ಧಕ್ಕೆ ಬಿಡುತ್ತಿದ್ದಾಳೆ, ಇಳಿಯುವ ಮೊದಲು ಹೊಟ್ಟೆ ಭಾರ ಬೇಡವಂತೆ.

ಮೊಣಕಾಲು ನೋವೆಂದು ಬರೆದಿದ್ದೀಯ. ಮುನಾವಿರ್ ತಂಡದಲ್ಲಿ ನಿನಗಿಂತ ಹಿರಿಯರು ಊರುಗೋಲು ಹಿಡಿದು ಬರುತ್ತಾರೆ. ಸುಮ್ಮನೆ ಹೇಳಿದೆ.

ರಿಹಾಬ್

*

ಸುರಬಾಯಾ
ರಂಜಾನ್ 18, 1444

ರಿಹಾಬ್,

ಎರಡು ವಿಷಯಗಳಿವೆ. ಮೊದಲನೆಯದನ್ನು ಪ್ರೀತಿಯಿಂದ ಬರೆಯುತ್ತೇನೆ. ಎರಡನೆಯದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ಅಮ್ಮ ಸಾವಿನ ಮಾತಾಡುತ್ತಿಲ್ಲ. ನಾನು ಹದಿನೆಂಟು ವರ್ಷ ಅವಳ ಜೊತೆ ಆ ಕಿಟಕಿಯಲ್ಲಿ ನಿಂತವಳು. ಅವಳಿಗೆ ಇಳಿಯುವುದು ಎಂದರೆ ಹರಮ್ ಸೇರುವುದಲ್ಲ. ಮೊದಲು ಮೇಲಿನಿಂದ ನೋಡಬೇಕು. ಕಾಬಾ ಕೆಳಗಿರಬೇಕು, ಅಂಗೈಯಲ್ಲಿ ಹಿಡಿಯುವಷ್ಟು. ಆಮೇಲೆ ಮುಸುಕು ಸರಿಮಾಡಿಕೊಂಡು ಬಾಗಿಲು ದಾಟಿ ಮೆಟ್ಟಿಲಿಗೆ ಬರಬೇಕು. ಅದಿಷ್ಟೂ ಸೇರಿ ಇಳಿಯುವುದು. ನೀನು ಅವಳನ್ನು ಬಸ್ಸಿನಿಂದ ನೇರ ಅಂಗಳಕ್ಕೆ ಒಯ್ದೆ. ಮೇಲೆ ಇಲ್ಲದವಳು ಇಳಿಯುವುದು ಹೇಗೆ? ನಮಾಜಿಗೆ ಫ್ರಿಜ್ಜಿನ ಕಡೆ ತಿರುಗುವುದೂ ಅದಕ್ಕೇ. ಅಜ್ಯಾದಿನ ಮನೆಯಲ್ಲಿ ಕಾಬಾ ಇದ್ದದ್ದು ಆ ದಿಕ್ಕಿಗೇ, ಉತ್ತರಕ್ಕೆ, ಬೇಕಾದರೆ ನೆನಪಿಸಿಕೊ. ಅಮ್ಮ ದಿಕ್ಕು ತಪ್ಪಿಲ್ಲ ರಿಹಾಬ್, ಮನೆ ತಪ್ಪಿದೆ.

ಈಗ ಎರಡನೆಯದು. ಮುನಾವಿರ್ ಹೆಂಡತಿ ಬು ಸುಲಸ್ತ್ರಿ ಈ ಸಲ ಗಂಡನ ಜೊತೆ ಬಂದಿದ್ದಳಲ್ಲ. ವಾಪಸು ಬಂದು ನನ್ನ ಮುಂದೆ ಕೂತು, ನನಗೆ ತುಟಿ ಓದಲು ಬರಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು: "ನಿಮ್ಮ ತಂಗಿ ಎಷ್ಟು ಚೆಂದ ಜಾವಾ ಭಾಷೆ ಆಡ್ತಾಳೆ! ನಮ್ಮನ್ನ ಲಿಫ್ಟಿನವರೆಗೂ ಬಂದು ಬಿಟ್ಟಳು. ಸಮವಸ್ತ್ರ ಅವಳಿಗೆ ಒಪ್ಪುತ್ತೆ."

ಯಾವ ಲಿಫ್ಟು ಎಂದು ಕೇಳಿದೆ. ಗಡಿಯಾರದ ಗೋಪುರದ್ದು ಎಂದಳು.

ಶಾಲೆಯ ಕಚೇರಿ ಎಂದೆಯಲ್ಲ. ಎರಡು ವರ್ಷದಿಂದ ಅದೇ ಕೆಲಸವಂತೆ. ಅಮ್ಮ ಕೊಡೆ ಅಡ್ಡ ಹಿಡಿದ ಕಟ್ಟಡದಲ್ಲಿ ನೀನು ಬೆಳಿಗ್ಗೆ ಹೋಗಿ ನಿಲ್ಲುತ್ತೀಯ. ನಮ್ಮ ಮೆಟ್ಟಿಲುಗಳ ಮೇಲೆ, ಅಪ್ಪ ತೀರಿಕೊಂಡ ಕೋಣೆಯ ಮೇಲೆ. ನನಗೆ ಯಾಕೆ ಹೇಳಲಿಲ್ಲ? ಕಿವುಡಿಗೆ ಏನು ಹೇಳಿದರೇನು ಎಂದೇ?

ಬಹೀಜಾ

*

ಮಕ್ಕಾ
ಶವ್ವಾಲ್ 6, 1444

ಅಕ್ಕ,

ಹಬ್ಬದ ಸಲಾಮ್. ನಿನ್ನ ಕಾಗದ ಹಬ್ಬದ ಹಿಂದಿನ ದಿನ ಬಂತು. ಓದಿ ಮಡಚಿ ಒಲೆಯ ಮೇಲಿನ ಡಬ್ಬದಲ್ಲಿಟ್ಟು, ಅಮ್ಮನಿಗೆ ಹೊಸ ಬಟ್ಟೆ ತೊಡಿಸಿದೆ.

ಹೌದು, ಅಲ್ಲೇ ಕೆಲಸ. ನಿನಗೆ ಹೇಳಲಿಲ್ಲ, ಏಕೆಂದರೆ ನೀನು ಹೀಗೆ ಬರೆಯುತ್ತೀಯ ಎಂದು ಗೊತ್ತಿತ್ತು. ನನ್ನ ಮದುವೆ ಮುರಿದು ನಾನು ಅಮ್ಮನ ಮನೆಗೆ ಬಂದಾಗ ಯಾವ ಶಾಲೆಯೂ ನನ್ನನ್ನು ಕರೆಯಲಿಲ್ಲ. ಅಲ್ಲಿನ ಹೋಟೆಲೊಂದು ಕರೆಯಿತು. ಯಾಕೆ ಕರೆಯಿತು ಗೊತ್ತಾ? ಜಾವಾದ ಮುದುಕಿಯರ ಜೊತೆ ಅವರ ಮಾತಲ್ಲೇ ಮಾತಾಡಬಲ್ಲೆ ಎಂದು. ಆ ಮಾತನ್ನು ನಾನು ಕಲಿತದ್ದು ಎಲ್ಲಿ? ಅಪ್ಪನ ಪಡಸಾಲೆಯಲ್ಲಿ, ಯಾತ್ರಿಕರ ಗಂಟುಮೂಟೆಗಳ ಮೇಲೆ ಕೂತು. ಅಪ್ಪ ಮುತವ್ವಿಫ್ ಆಗಿ ಮಾಡಿದ್ದೇನು? ಬಂದವರಿಗೆ ಜಾಗ ತೋರಿಸಿ, ಹೆದರಿದವರ ಕೈಹಿಡಿದು ಕೆಳಗಿಳಿಸಿದರು. ನಾನೂ ಅದನ್ನೇ ಮಾಡುತ್ತೇನೆ, ಅದೇ ಜಾಗದಲ್ಲಿ. ಅವರಿಗೆ ಮೆಟ್ಟಿಲಿತ್ತು, ನನಗೆ ಲಿಫ್ಟಿದೆ. ಅಮೃತಶಿಲೆಯ ನೆಲ ಒರೆಸುವುದನ್ನು ಒಮ್ಮೊಮ್ಮೆ ನಿಂತು ನೋಡುತ್ತೇನೆ. ಇದರ ಕೆಳಗೆಲ್ಲೋ ನಮ್ಮ ಅಡುಗೆಮನೆ ಎಂದುಕೊಳ್ಳುತ್ತೇನೆ. ಆಮೇಲೆ ಯಾರೋ ಮುದುಕಿ ನನ್ನ ತೋಳು ಹಿಡಿದು, "ಮಗಳೇ, ಕಾಬಾ ಯಾವ ಕಡೆ?" ಎನ್ನುತ್ತಾಳೆ. ತೋರಿಸುತ್ತೇನೆ.

ನಿನಗೆ ಅಜ್ಯಾದಿನ ಮನೆ ಹಾಗೇ ಇದೆ ಅಕ್ಕ. ನೀನು ಅದನ್ನು ನಿಂತಿದ್ದಾಗ ಬಿಟ್ಟು ಹೋದೆ. ನಾನು ಅದು ಬೀಳುವುದನ್ನು ನೋಡಿದೆ. ಬಿದ್ದ ಜಾಗಕ್ಕೆ ನಿತ್ಯ ಹೋಗುವುದು ಒಗ್ಗಿಹೋಗುತ್ತದೆ, ಒಗ್ಗಿಸಿಕೊಳ್ಳದೆ ಬದುಕುವುದು ಕಷ್ಟ.

ಅಮ್ಮನ ಬಗ್ಗೆ ನೀನು ಬರೆದದ್ದು ನಿಜ. ಕಾಗದ ಹಿಡಿದುಕೊಂಡೇ ಹೋಗಿ ಫ್ರಿಜ್ಜಿನ ಮುಂದೆ ನಿಂತು ನೋಡಿದೆ. ನಿಜ. ಆದರೂ ದಿನಕ್ಕೆ ಐದು ಸಲ ಅವಳನ್ನು ತಿರುಗಿಸುತ್ತಲೇ ಇದ್ದೇನೆ.

ಹಾಗಾದರೆ ಅವಳಿಗೆ ಆ ಮನೆಯ ಎತ್ತರ ಬೇಕು. ಆ ಎತ್ತರ ಈಗ ಇರುವುದು ಒಂದೇ ಕಡೆ. ನಮ್ಮ ಹೋಟೆಲಿನ ನಮಾಜಿನ ಕೋಣೆಯಲ್ಲಿ ಹೆಂಗಸರ ಕಡೆ ಗೋಡೆಯಗಲ ಗಾಜಿದೆ, ಕೆಳಗೆ ನೋಡಿದರೆ ಕಾಬಾ. ಅಜ್ಯಾದಿನ ಮನೆಯಿಂದ ಕಂಡ ಹಾಗೆಯೇ, ಇನ್ನೂ ಸ್ವಲ್ಪ ಮೇಲಿನಿಂದ. ಆದರೆ ಅವಳು ಆಣೆ ಹಾಕಿರುವುದೂ ಅಲ್ಲಿಗೇ.

ನನ್ನ ಜೊತೆ ಕೆಲಸ ಮಾಡುವ ಶಾದಿಯಾ ನಗುತ್ತಾಳೆ. "ಕಾಲಿಡೋದಿಲ್ಲ ಅಂದಿದ್ದಾರೆ ತಾನೇ? ಗಾಲಿ ಕುರ್ಚಿಗೆ ಕಾಲೆಲ್ಲಿದೆ? ತಳ್ಕೊಂಡು ಬಾ." ನನಗೂ ನಗು ಬಂತು. ಆದರೆ ಅಮ್ಮನ ಜೊತೆ ಅಂಥ ಆಟ ಆಡಲಾರೆ. ಕೆಳಮನೆಯವಳ ಗಂಡ ಓದಿಕೊಂಡವನು. ಅವನನ್ನು ಕೇಳಿದೆ. ಬುದ್ಧಿ ಸ್ಥಿಮಿತದಲ್ಲಿಲ್ಲದವರ ಪಾಪಪುಣ್ಯದ ಲೆಕ್ಕ ಬರೆಯುವ ಲೇಖನಿಯನ್ನೇ ಎತ್ತಿಟ್ಟಿರುತ್ತಾರೆ, ನಿಮ್ಮ ತಾಯಿಗೆ ಈಗ ಯಾವ ಆಣೆಯೂ ಇಲ್ಲ, ಧಾರಾಳವಾಗಿ ಕರೆದೊಯ್ಯಿರಿ ಎಂದ. ಒಳ್ಳೆಯ ಮನುಷ್ಯ, ನನಗೆ ಹಗುರಾಗಲಿ ಎಂದೇ ಹೇಳಿದ್ದು.

ನನಗೆ ಹಗುರಾಗಲಿಲ್ಲ. ಅಮ್ಮನ ಆಣೆ ಬಿದ್ದುಹೋಯಿತು ಎನ್ನಬೇಕಾದರೆ ಮೊದಲು ಅಮ್ಮನ ಬುದ್ಧಿ ಬಿದ್ದುಹೋಯಿತು ಎನ್ನಬೇಕು. ಅದನ್ನು ನನ್ನ ಬಾಯಿಂದ ಹೇಳಲು ಆಗುತ್ತಿಲ್ಲ. ಹೇಳಿದ ದಿನದಿಂದ ಅವಳು ನನ್ನ ಕೈಯಲ್ಲೊಂದು ಸಾಮಾನು, ಬೇಕಾದಲ್ಲಿ ಎತ್ತಿಡಬಹುದು. ಊಟ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಏನು ಮಾಡಲಿ? ಬೈಯುವುದಾದರೆ ಬೈ, ಆದರೆ ಉತ್ತರ ಬರಿ.

ರಿಹಾಬ್

*

ಸುರಬಾಯಾ
ಶವ್ವಾಲ್ 25, 1444

ನನ್ನ ರಿಹಾಬ್,

ಬೈಯುವುದಿಲ್ಲ. ಬರೆದ ಎರಡು ಕಾಗದ ಹರಿದು ಇದು ಮೂರನೆಯದು. ಮೊದಲಿನ ಎರಡರಲ್ಲಿ ನಾನೇ ಸರಿ ಎಂದು ಬರೆದಿದ್ದೆ.

ನೀನು ಆರು ವರ್ಷದವಳಿದ್ದಾಗ ಯಾತ್ರಿಕರ ಚಪ್ಪಲಿಗಳನ್ನು ಜೋಡಿ ಮಾಡಿ ಬಾಗಿಲಲ್ಲಿ ಇಡುತ್ತಿದ್ದೆ. ಅಪ್ಪ ನಿನ್ನನ್ನು 'ಪುಟ್ಟ ಮುತವ್ವಿಫ್' ಎನ್ನುತ್ತಿದ್ದರು. ನೀನೇ ಆ ಕೆಲಸ ಮುಂದುವರಿಸಿದ್ದೀಯ. ನಾನು ಹೊಟ್ಟೆಕಿಚ್ಚು ಪಟ್ಟೆ ಎಂದು ತೋರುತ್ತದೆ. ನೀನು ನಿತ್ಯ ಅಲ್ಲಿ ನಿಂತು ಕೆಳಗೆ ನೋಡುತ್ತೀಯ. ನಾನು ಇಲ್ಲಿ ಮುದುಕನ ಟೋಪಿ ನೋಡುತ್ತೇನೆ.

ಆಣೆಯ ಮಾತು. ನಿನ್ನ ಕೆಳಮನೆಯವರು ಹೇಳಿದ್ದು ಸುಳ್ಳಲ್ಲ. ಆದರೆ ನೀನು ಹೇಳಿದ್ದು ಅದಕ್ಕಿಂತ ಸರಿ. ಅಮ್ಮನ ಆಣೆ ಬಿದ್ದಿಲ್ಲ ಎಂದೇ ಇಟ್ಟುಕೊಳ್ಳೋಣ. ಅವಳು ಪೂರ್ತಿ ಅಮ್ಮನೇ. ಬುದ್ಧಿ ನೆಟ್ಟಗಿರುವವರು ಆಣೆ ಮುರಿಯಬೇಕಾದರೆ ಏನು ಮಾಡುತ್ತಾರೋ ಅವಳ ಪರವಾಗಿ ಅದನ್ನೇ ಮಾಡೋಣ. ಹತ್ತು ಬಡವರಿಗೆ ಹೊಟ್ಟೆ ತುಂಬ ಊಟ. ಮೊದಲೇ ಊಟ ಹಾಕಿ ಆಮೇಲೆ ಮುರಿದರೂ ನಡೆಯುತ್ತದೆ ಎಂದು ಇಲ್ಲಿನ ಉಸ್ತಾದರು ಸ್ಲೇಟಿನಲ್ಲಿ ಬರೆದು ತೋರಿಸಿದರು. ಆದರೆ ಆಣೆ ಹಾಕಿದವರ ಒಪ್ಪಿಗೆ ಬೇಕಂತೆ. ಬೇರೆಯವರು ಕದ್ದು ತೀರಿಸುವ ಹಾಗಿಲ್ಲ. ಅವಳನ್ನು ಕೇಳು. ಚೆನ್ನಾಗಿರುವ ಗಳಿಗೆ ನೋಡಿ ಕೇಳು. ಊಟ ನಾನು ಹಾಕುತ್ತೇನೆ, ಅಷ್ಟಾದರೂ ನನಗೆ ಬಿಡು.

ಇನ್ನೊಂದು. ನನ್ನ ಮೊಣಕಾಲು ಚೆನ್ನಾಗಿದೆ. ಹೋದ ವರ್ಷ ಫೋನಿನಲ್ಲಿ, ಕಿವಿ ಇನ್ನೂ ಸ್ವಲ್ಪ ಇದ್ದಾಗ, ಅಮ್ಮ ನಿನ್ನನ್ನು ಕೇಳಿದ್ದು ನನಗೆ ಕೇಳಿಸಿತ್ತು: "ಯಾರೇ ಅದು ಬಹೀಜಾ?" ನೀನು ಗದರಿಸಿ ಫೋನು ದೂರ ಹಿಡಿದೆ. ಅಲ್ಲಿಯವರೆಗೂ ಬಂದು, ಅವಳ ಮುಂದೆ ಕೂತು, ಅದೇ ಪ್ರಶ್ನೆಯನ್ನು ಅವಳ ತುಟಿಯಲ್ಲಿ ಓದಲು ನನಗೆ ಧೈರ್ಯವಿಲ್ಲ. ನನ್ನ ನೋವು ಮೊಣಕಾಲಿನದ್ದಲ್ಲ.

ಅಕ್ಕ

*

ಮಕ್ಕಾ
ಜುಲ್‌ಕಅದ 8, 1444

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ, ಇದು ಹಜ್‌ಗೆ ಮೊದಲಿನ ಕೊನೆಯ ಉಮ್ರಾ ತಂಡ. ಮುನಾವಿರ್ ಕೆಳಗೆ ಬಸ್ಸು ನಿಲ್ಲಿಸಿಕೊಂಡಿದ್ದಾರೆ.

ಕೇಳಿದೆ. ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. "ಅಮ್ಮ, ಅಜ್ಯಾದಿನಲ್ಲಿ ಕಟ್ಟಿದ್ದರೊಳಗೆ ಕಾಲಿಡೋದಿಲ್ಲ ಅಂತ ಆಣೆ ಹಾಕಿದ್ದೆಯಲ್ಲ, ಅದಕ್ಕೆ ಹತ್ತು ಜನಕ್ಕೆ ಊಟ ಹಾಕಿ ಬಿಡಿಸ್ಕೊಳ್ಳೋಣವಾ?"

ನಿದ್ದೆ ಹೋದಳೆಂದುಕೊಂಡೆ.

"ಊಟ ಹಾಕೋಕೆ ಇಷ್ಟು ಯೋಚನೆ ಯಾಕೇ? ಹಾಕು."

"ಆಣೆಗೆ ಅಮ್ಮ. ನಿನ್ನ ಆಣೆಗೆ."

"ಹಾಕು ಅಂದ್ನಲ್ಲ. ಕೂದಲು ಜಗ್ಗಬೇಡ."

ಇದು ಒಪ್ಪಿಗೆಯೋ, ಎಣ್ಣೆಯ ಸುಖದಲ್ಲಿ ಆಡಿದ ಮಾತೋ, ನನಗೆ ಗೊತ್ತಿಲ್ಲ. ಒಪ್ಪಿಗೆ ಎಂದೇ ತೆಗೆದುಕೊಂಡೆ. ಅರಫಾದ ದಿನ ಕರೆದೊಯ್ಯುತ್ತೇನೆ. ಹಾಜಿಗಳೆಲ್ಲ ಅರಫಾದ ಬಯಲಲ್ಲಿರುತ್ತಾರೆ, ಹರಮ್ ನಮ್ಮೂರ ಹೆಂಗಸರದ್ದಾಗಿರುತ್ತದೆ. ಅಮ್ಮ ಯಾವತ್ತೂ ತಪ್ಪಿಸದ ದಿನ ಅದು. ಆವತ್ತು ಹೋಟೆಲೂ ಖಾಲಿ.

ಫೋನಿನ ವಿಷಯ. ನೀನು ಕೇಳಿಸಿಕೊಂಡಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಆವತ್ತು ಅವಳು ನನ್ನನ್ನೂ ಯಾರೆಂದು ಕೇಳಿದ್ದಳು. ನಿನಗೆ ಹೇಳಿರಲಿಲ್ಲ.

ರಿಹಾಬ್

*

ಸುರಬಾಯಾ
ಜುಲ್‌ಕಅದ 24, 1444

ರಿಹಾಬ್,

ನಮ್ಮ ಬೀದಿಯಿಂದ ಹಜ್‌ಗೆ ಹೊರಟವರ ಕೈಲಿ ಇದನ್ನು ಕೊಡುತ್ತಿದ್ದೇನೆ.

ನಿನ್ನೆ ಊಟ ಆಯಿತು. ಬಂದರಿನ ಹಮಾಲರು ಏಳು ಜನ, ಮಸೀದಿ ಮೆಟ್ಟಿಲಲ್ಲಿ ಕೂರುವ ಮೂರು ವಿಧವೆಯರು. ಅಮ್ಮನ ಕೈಯಡುಗೆಯೇ ಆಗಲೆಂದು ಸಲೀಕ್ ಮಾಡಲು ಹೊರಟೆ. ಈ ಸೆಕೆಗೆ ಹಾಲು ಒಡೆದುಹೋಯಿತು. ಅಕ್ಕಿ ಆಗಲೇ ಬೆಂದಿತ್ತು, ಜನ ಚಾಪೆಯ ಮೇಲೆ ಕೂತಿದ್ದರು. ತೆಂಗಿನ ಹಾಲು ಸುರಿದೆ. ಅವರು ಬಾಯಿ ಚಪ್ಪರಿಸಿಕೊಂಡು ತಿಂದರು. ಒಬ್ಬ ಹಮಾಲ ಏನು ವಿಶೇಷ ಎಂದು ಸನ್ನೆಯಲ್ಲೇ ಕೇಳಿದ. ನಮ್ಮಮ್ಮ ಮನೆಗೆ ಹೋಗುತ್ತಿದ್ದಾಳೆ ಎಂದೆ. ಜೋರಾಗಿ ಹೇಳಿದೆನೋ ಏನೋ, ಎಲ್ಲರೂ ತಿರುಗಿ ನೋಡಿದರು.

ಅವಳನ್ನು ಹುಷಾರಾಗಿ ಇಳಿಸು.

ಅಕ್ಕ

*

ಮಕ್ಕಾ
ಜುಲ್‌ಹಿಜ್ಜ 16, 1444

ಅಕ್ಕ,

ಎಲ್ಲ ಬರೆಯುತ್ತೇನೆ, ನಿಧಾನವಾಗಿ ಓದು.

ಅರಫಾದ ದಿನ ಸಂಜೆಗೆ ಮುಂಚಿನ ಅಸರ್ ನಮಾಜಿನ ಹೊತ್ತಿಗೆ ಹೊರಟೆವು. ಊರಿಗೆ ಊರೇ ಖಾಲಿ. ಅಮ್ಮ ಉಪವಾಸ ಹಿಡಿಯಬೇಕೆಂದು ಹಟ ಮಾಡಿ, ಮಧ್ಯಾಹ್ನ ಮರೆತು ಖರ್ಜೂರ ತಿಂದು, ಮತ್ತೆ ಉಪವಾಸವಿದ್ದಳು. ಬಸ್ಸಿನಿಂದ ಗೋಪುರದ ಬಾಗಿಲವರೆಗೆ ಕುರ್ಚಿಯಲ್ಲಿ ತಳ್ಳಿದೆ. ಕೊಡೆ ಹಿಡಿದೇ ಇದ್ದಳು.

ಬಾಗಿಲಲ್ಲಿ ಕುರ್ಚಿ ನಿಲ್ಲಿಸಿದೆ. ಶಾದಿಯಾ ಒಳಗಿನಿಂದ ಕೈಬೀಸಿ, "ತಳ್ಳು ರಿಹಾಬ್, ತಳ್ಳು" ಎಂದಳು. ನಾನು ತಳ್ಳಲಿಲ್ಲ. ಹತ್ತು ಜನ ಉಂಡಾಗಿದೆ. ಇನ್ನು ಗಾಲಿಯ ನೆಪ ಯಾಕೆ? ಅಮ್ಮನನ್ನು ಎಬ್ಬಿಸಿ ನಿಲ್ಲಿಸಿದೆ. ಕೊಡೆ ಮಡಚಿದೆ. ನನ್ನ ತೋಳು ಹಿಡಿದು ಹೊಸ್ತಿಲ ಮೇಲೆ ಬಲಗಾಲಿಟ್ಟಳು, ಮನೆಯೊಳಗೆ ಬರುವ ಹಾಗೆ ಬಿಸ್ಮಿಲ್ಲಾ ಹೇಳಿಕೊಂಡು.

ಶಾದಿಯಾ ನಮ್ಮನ್ನು ಲಿಫ್ಟಿನಲ್ಲಿ ಮೇಲೆ ಕರೆತಂದು ಬಾಗಿಲಲ್ಲೇ ನಿಂತಳು. ನಮಾಜಿನ ಕೋಣೆಯಲ್ಲಿ ನಾವಿಬ್ಬರೇ. ಗಾಜಿನ ಹತ್ತಿರ ಕರೆದೊಯ್ದೆ. ಕೆಳಗೆ ಅಂಗಳ ಬೆಳ್ಳಗೆ, ಅಲ್ಲಲ್ಲಿ ನಮ್ಮೂರ ಹೆಂಗಸರ ಕಪ್ಪು ಚುಕ್ಕೆಗಳು. ನಡುವೆ ಕಾಬಾ. ಅಮ್ಮ ಗಾಜಿಗೆ ಹಣೆಯಿಟ್ಟಳು. ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಆಮೇಲೆ ಮಾಮೂಲಿ ದನಿಯಲ್ಲಿ, "ಜನ ಕಮ್ಮಿ ಇದ್ದಾರೆ. ಈಗಲೇ ಇಳಿಯೋಣ. ಮೊದಲು ಅಸರ್ ಮುಗಿಸ್ತೀನಿ" ಎಂದಳು.

ನಿಂತಳು. ನನ್ನ ಕೈ ತಾನಾಗೇ ಅವಳ ಭುಜದ ಕಡೆ ಹೋಯಿತು. ಇಷ್ಟು ತಿಂಗಳ ಅಭ್ಯಾಸ ನೋಡು. ಅಲ್ಲೇ ತಡೆದೆ. ತಿರುಗಿಸುವುದೇನೂ ಇರಲಿಲ್ಲ. ಅವಳು ನಿಂತದ್ದು ನೆಟ್ಟಗೆ ಕಾಬಾದ ಕಡೆಗೇ. ನಾನು ಅವಳ ಪಕ್ಕದಲ್ಲಿ, ಅವಳನ್ನು ನೋಡಿಕೊಂಡು ದಿಕ್ಕು ಹಿಡಿದು ನಿಂತೆ.

ನಮಾಜು ಮುಗಿಸಿ ಬಲಕ್ಕೆ, ಎಡಕ್ಕೆ ಸಲಾಮ್ ಹೇಳುವಾಗ ಎಡಗಡೆ ನಾನಿದ್ದೆ. ನನ್ನನ್ನು ನೋಡುತ್ತಲೇ ಉಳಿದಳು. ಆಮೇಲೆ ನೆಲದ ರತ್ನಗಂಬಳಿಯನ್ನು, ಮೇಲಿನ ದೀಪಗಳನ್ನು, ಬಾಗಿಲಲ್ಲಿ ನಿಂತ ಶಾದಿಯಾಳ ಸಮವಸ್ತ್ರವನ್ನು ನೋಡಿದಳು.

"ಇದು ಅದೇ ಅಲ್ವಾ?"

"ಅದೇ ಅಮ್ಮ."

"ಹತ್ತು ಜನಕ್ಕೆ ಹಾಕಿದ್ರಾ?"

ಅಕ್ಕ, ನಾನು ನೆಲದ ಮೇಲೆ ಕೂತುಬಿಟ್ಟೆ. "ಹಾಕಿದ್ವಿ. ಅಕ್ಕ ಹಾಕಿದಳು, ಸುರಬಾಯಾದಲ್ಲಿ. ಸಲೀಕ್ ಮಾಡಿದ್ಲಂತೆ."

"ಬಹೀಜಾನಾ? ಹಾಲು ಒಡೆಸಿರ್ತಾಳೆ. ಒಲೆ ಮೇಲಿಟ್ಟು ಕಿಟಕಿಗೆ ಓಡೋಳು ಅವಳು." ಮುಸುಕು ಸರಿಮಾಡಿಕೊಳ್ಳುತ್ತಾ, "ಉಪ್ಪೂ ಜಾಸ್ತಿ ಹಾಕಿರ್ತಾಳೆ. ಪಾಪ, ತಿಂದವರು ಏನಂದ್ರೋ" ಎಂದಳು.

ನಿನ್ನ ಹೆಸರನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಕ್ಕ ಎಂದಷ್ಟೇ ಹೇಳಿದ್ದೆ. ಆ ಮಾತನ್ನು ಇನ್ನೊಂದು ಸಲ ಓದು.

ಲಿಫ್ಟಿನಲ್ಲಿ ಇಳಿದೆವು. ಅಂಗಳ ದಾಟಿ ಹರಮ್‌ಗೆ ಹೋಗಿ, ಸಂಜೆ ಬಾಂಗಿಗೆ ಪಕ್ಕದ ಹೆಂಗಸರು ಕೊಟ್ಟ ಕಾಫಿ, ಖರ್ಜೂರದಲ್ಲಿ ಉಪವಾಸ ಬಿಟ್ಟೆವು. ಅಮ್ಮ ಎರಡು ರೊಟ್ಟಿ ತಿಂದಳು. ಎಷ್ಟೋ ತಿಂಗಳಾಗಿತ್ತು ಅವಳು ಎರಡನೆಯದಕ್ಕೆ ಕೈಹಾಕಿ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಆಗಲೇ ಹೇಳಿಬಿಟ್ಟೆ. "ಗೊತ್ತು, ಆ ಹುಡುಗಿ ನಿನ್ನ ಹೆಸರು ಹಿಡಿದು ಕರೆದ್ಲಲ್ಲ" ಎಂದಳು. "ಜಾವಾದವರಿಗೆ ಬಿಸಿನೀರು ಕೊಡ್ತೀರೋ ಇಲ್ವೋ? ಅವರಿಗೆ ತಣ್ಣೀರು ಆಗಲ್ಲ."

ವಾಪಸು ಬಸ್ಸಿಗೆ ಹೊರಟಾಗ ಗೋಪುರದ ಮುಂದಿನ ಬಯಲಲ್ಲಿ ಕುರ್ಚಿ ನಿಲ್ಲಿಸು ಎಂದಳು. ಕೊಡೆ ಬೇಡವೆಂದಳು. ತಲೆ ಪೂರ್ತಿ ಹಿಂದಕ್ಕೆ ಚೆಲ್ಲಿ ಹಸಿರು ದೀಪದ ಗಡಿಯಾರವನ್ನು ಬುಡದಿಂದ ತುದಿಯವರೆಗೂ ನೋಡಿದಳು. ಅಕ್ಕಿ ಬೇಡ ಎನ್ನುವ ಅದೇ ದನಿಯಲ್ಲಿ ಹೇಳಿದಳು:

"ವಲ್ಲಾಹಿ, ಇನ್ನೊಂದು ಸಲ ಇದರೊಳಗೆ ಕಾಲಿಡೋದಿಲ್ಲ ನಾನು."

ಆ ಬಯಲಿನ ನಡುವೆ ನಿಂತು ನಾನು ನಕ್ಕ ನಗುವಿಗೆ ಕಸ ಗುಡಿಸುವವರೆಲ್ಲ ತಿರುಗಿ ನೋಡಿದರು. ಅಮ್ಮನೂ ಯಾಕೆಂದು ಗೊತ್ತಿಲ್ಲದೆ ನಕ್ಕಳು.

ಇದಾಗಿ ವಾರ ಕಳೆದಿದೆ. ನಿನ್ನೆಯಿಂದ ಮತ್ತೆ ಬಾಗಿಲ ಹತ್ತಿರ ಕೂರುತ್ತಿದ್ದಾಳೆ. ಯಾವಾಗ ಇಳಿಯೋದು ಎಂದು ಕೇಳುತ್ತಿದ್ದಾಳೆ. ಅವಳ ಹೊಸ ಆಣೆ ಗಟ್ಟಿಯಾಗಿದೆ, ಅದಕ್ಕೆ ಮತ್ತೆ ಹತ್ತು ಜನರನ್ನು ಹುಡುಕಬೇಕು. ಮುಹರ್ರಮ್‌ನಲ್ಲಿ ಉಮ್ರಾ ಮತ್ತೆ ಶುರುವಾಗುತ್ತದಲ್ಲ, ಮುನಾವಿರ್‌ಗೆ ಹೇಳಿ ತಂಡದಲ್ಲಿ ನಿನಗೊಂದು ಜಾಗ ಹಿಡಿದಿಡು. ಈ ಸಲದ ಅಡುಗೆ ಇಲ್ಲೇ ಆಗಲಿ, ಅಮ್ಮ ಪಕ್ಕದಲ್ಲಿ ಕೂತು ಉಪ್ಪು ನೋಡುತ್ತಾಳೆ.

ರಿಹಾಬ್